ಬಿಚ್ಚಿಟ್ಟ ಎಂಜಿನ್, ಮೈನಸ್ ಇಪ್ಪತ್ತರ ರಾತ್ರಿ

1784-85ರ ಚಳಿಗಾಲ. ಕೆನಡಾದ ಕ್ವಿಬೆಕ್‌ನಲ್ಲಿದ್ದ ಬ್ರಿಟಿಷ್ ಫಿರಂಗಿ ದಳದ ಮೇಜರ್ ಎಡ್ವರ್ಡ್ ವಿಲಿಯಮ್ಸ್‌ಗೆ ಒಂದು ಕುತೂಹಲ ಹುಟ್ಟಿತು. ಟೊಳ್ಳು ಕಬ್ಬಿಣದ ಫಿರಂಗಿ ಗುಂಡುಗಳಿಗೆ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆ ಜಡಿದು, ಆತ ಅವನ್ನು ಬಯಲಿನ ಚಳಿಗೆ ಇಟ್ಟ. ಒಂದರ ಬಿರಡೆ 400 ಅಡಿಗೂ ಆಚೆ ಹಾರಿ ಬಿತ್ತು. ಹಾರಿದ ಜಾಗದಿಂದ ಮಂಜುಗಡ್ಡೆಯ ಕೋಲೊಂದು ಹೊರಚಾಚಿಕೊಂಡಿತ್ತು. ಬಿರಡೆ ಜಗ್ಗದೆ ಕೂತ ಕಡೆ ಗುಂಡೇ ಸೀಳಿತು. ಮದ್ದಿನ ಪುಡಿಯ ಒಂದು ಚಿಟಿಕೆಯೂ ಅಲ್ಲಿರಲಿಲ್ಲ. ಒಳಗಿದ್ದದ್ದು ಬರೀ ನೀರು.

ಫಿರಂಗಿ ಗುಂಡನ್ನು ಒಡೆಯುವ ನೀರಿಗೆ ಕಾರಿನ ಎಂಜಿನ್ ಯಾವ ಲೆಕ್ಕ? ಎಂಜಿನ್ ಬ್ಲಾಕಿನೊಳಗೆ ಸಿಲಿಂಡರ್‌ಗಳ ಸುತ್ತ ನೀರು ಹರಿಯಲೆಂದು ಬಿಟ್ಟಿರುವ ಪೊಳ್ಳು ಜಾಗವಿದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ವಾಟರ್ ಜಾಕೆಟ್. ಅದರ ಹೊರಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅನೇಕ ಬ್ಲಾಕುಗಳನ್ನು ಎರಕ ಹೊಯ್ಯುವ ಬೀಡು ಕಬ್ಬಿಣಕ್ಕೆ ಒಂದು ಗುಣವಿದೆ: ಒತ್ತಿದರೆ ಆನೆಯ ಬಲ ತೋರಿಸುತ್ತದೆ, ಎಳೆದರೆ ಅದರ ಮೂರರಲ್ಲೊಂದು ಪಾಲೂ ತಾಳುವುದಿಲ್ಲ. ಒಳಗಿನಿಂದ ಹಿಗ್ಗುವ ಮಂಜುಗಡ್ಡೆ ಮಾಡುವುದು ಎಳೆಯುವ ಕೆಲಸವನ್ನೇ.

ಅಮೆರಿಕದ ಮಿನ್ನೆಸೋಟ, ಕೆನಡಾದ ಮ್ಯಾನಿಟೋಬಾ ಕಡೆಯ ಜನಕ್ಕೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು. ಅಲ್ಲಿ ನೆಟ್ಟಗೆ ಓಡುತ್ತಿರುವ ಕಾರಿನ ಬ್ಲಾಕ್ ಚಳಿಗೆ ಸೀಳುವುದು ಅಪರೂಪ, ಏಕೆಂದರೆ ಒಳಗೆ ಬರೀ ನೀರಲ್ಲ, ಸುಲಭಕ್ಕೆ ಹೆಪ್ಪುಗಟ್ಟದ ಕೂಲಂಟ್ ಇರುತ್ತದೆ. ಅಪಾಯ ಬರುವುದು ರಿಪೇರಿಯ ಹೊತ್ತಿನಲ್ಲಿ. ಕಾರು ಗ್ಯಾರೇಜು ಸೇರಿದೆ, ಕೂಲಂಟ್ ಬಕೆಟ್ಟಿಗೆ ಇಳಿದಿದೆ, ತೊಳೆಯಲೆಂದು ಹಾಯಿಸಿದ ನಲ್ಲಿ ನೀರು ಒಳಗೆಲ್ಲೋ ನಿಂತಿದೆ, ಬೇಕಾದ ಗ್ಯಾಸ್ಕೆಟ್ ಸೋಮವಾರ ಬರಲಿದೆ, ಶನಿವಾರ ರಾತ್ರಿ ತಾಪಮಾನ ಮೈನಸ್ 20ಕ್ಕೆ ಇಳಿಯುತ್ತದೆ. ವರ್ಷವಿಡೀ ಎಂಜಿನ್ನನ್ನು ಕಾಯುವ ಎಲ್ಲ ರಕ್ಷಣೆಗಳೂ ಒಟ್ಟಿಗೆ ರಜೆ ಹಾಕುವುದು ಆ ಎರಡು ದಿನ.

ನೀರಿನ ವಿಚಿತ್ರ ಸ್ವಭಾವವೇ ಇದಕ್ಕೆಲ್ಲ ಮೂಲ. ತಣ್ಣಗಾದಂತೆ ಹೆಚ್ಚಿನ ದ್ರವಗಳು ಕುಗ್ಗುತ್ತಾ ಹೋಗುತ್ತವೆ. ನೀರು 4 ಡಿಗ್ರಿಯವರೆಗೆ ಕುಗ್ಗಿ, ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಒಮ್ಮೆಲೇ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದೆ ಸಿಕ್ಕಿಬಿದ್ದರೆ ಉಷ್ಣತೆ ಒಂದೊಂದು ಡಿಗ್ರಿ ಇಳಿದಂತೆ ಒತ್ತಡ ವಾತಾವರಣದ ಒತ್ತಡದ ಸುಮಾರು ನೂರು ಪಟ್ಟಿನಷ್ಟು ಏರುತ್ತಾ ಹೋಗುತ್ತದೆ. ಮೈನಸ್ 22ರ ಹೊತ್ತಿಗೆ ಅದು ವಾತಾವರಣದ ಒತ್ತಡದ 2000 ಪಟ್ಟು ಮುಟ್ಟಬಲ್ಲದು. ಅಷ್ಟು ಬೇಕಾಗುವುದೇ ಇಲ್ಲ, ಬ್ಲಾಕು ಅದಕ್ಕೂ ಎಷ್ಟೋ ಮೊದಲೇ ಬಾಯಿಬಿಡುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಎಂಜಿನ್ ಎನ್ನುವುದು ಮುಚ್ಚಿದ ಡಬ್ಬಿಯಲ್ಲ. ಹೋಸ್‌ಗಳಿವೆ, ರೇಡಿಯೇಟರ್ ಇದೆ. ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಇಳಿಸಿದ್ದರಂತೂ ಮೇಲುಭಾಗ ಪೂರಾ ತೆರೆದಿರುತ್ತದೆ. ಹಿಗ್ಗಿದ ನೀರು ಮೇಲೆದ್ದು ಬರಬಾರದೇಕೆ? ನೀರು ಎಲ್ಲ ಕಡೆ ಒಂದೇ ಸಲ ಹೆಪ್ಪುಗಟ್ಟುವುದಿಲ್ಲ ಎನ್ನುವುದೇ ಉತ್ತರ. ತೆಳ್ಳಗಿನ ನಾಳಗಳು, ಗಾಳಿಗೆ ಒಡ್ಡಿದ ಮೇಲ್ಮೈ, ಹೋಸ್ ಸೇರುವ ಕಿರಿದಾದ ಕುತ್ತಿಗೆಗಳು ಮೊದಲು ಗಟ್ಟಿಯಾಗುತ್ತವೆ. ಅಲ್ಲಿಗೆ ದಾರಿ ಮುಚ್ಚಿತು. ನಡುವೆ ಉಳಿದ ನೀರು ತಾನೇ ಕಟ್ಟಿಕೊಂಡ ಬಿರಡೆಯ ಹಿಂದೆ ಸೆರೆಯಾಗುತ್ತದೆ. ವಿಲಿಯಮ್ಸ್ ಕೈಯಾರೆ ಜಡಿದದ್ದನ್ನು ಇಲ್ಲಿ ಚಳಿಯೇ ಜಡಿಯುತ್ತದೆ.

ಬ್ಲಾಕಿನ ಪಕ್ಕದಲ್ಲಿ ನಾಣ್ಯದಂತೆ ಕಾಣುವ ದುಂಡನೆಯ ತಗಡಿನ ಬಿಲ್ಲೆಗಳನ್ನು ನೋಡಿದವರು, ಅಪಾಯ ಬಂದರೆ ಅವು ಹಾರಿಹೋಗಿ ಬ್ಲಾಕನ್ನು ಉಳಿಸುತ್ತವೆ ಎಂದು ನಂಬುತ್ತಾರೆ. ಅಮೆರಿಕದಲ್ಲಿ ಅವನ್ನು ಫ್ರೀಜ್ ಪ್ಲಗ್ ಎಂದೇ ಕರೆಯುವ ರೂಢಿಯಿದೆ. ಅವು ಇರುವುದು ಬೇರೆಯದೇ ಕಾರಣಕ್ಕೆ. ಬ್ಲಾಕನ್ನು ಎರಕ ಹೊಯ್ಯುವಾಗ ಒಳಗಿನ ಪೊಳ್ಳನ್ನು ರೂಪಿಸಲು ಮರಳಿನ ಅಚ್ಚು ಇಡುತ್ತಾರೆ. ಎರಕ ಆರಿದ ಮೇಲೆ ಆ ಮರಳನ್ನು ಹೊರತೆಗೆಯಲು ತೂತು ಬೇಕು. ಆ ತೂತಿಗೆ ಕೊನೆಗೆ ಹೊಡೆದು ಕೂರಿಸಿದ ಮುಚ್ಚಳವೇ ಈ ಬಿಲ್ಲೆ. ಹೆಪ್ಪುಗಟ್ಟಿದಾಗ ಕೆಲವೊಮ್ಮೆ ಅದು ಕಿತ್ತು ಬಂದು ಬ್ಲಾಕು ಬದುಕುವುದೂ ಉಂಟು. ಬಿಲ್ಲೆ ಕದಲದೆ ಪಕ್ಕದ ಗೋಡೆ ಸೀಳುವುದೂ ಉಂಟು. ಅದೃಷ್ಟವನ್ನು ಸುರಕ್ಷತಾ ಸಾಧನವೆಂದು ನಂಬಿ ಮಲಗುವುದು ಜಾಣತನವಲ್ಲ.

ನೀರಿಗೆ ಏನಾದರೂ ಬೆರೆಸಿ ಹೆಪ್ಪುಗಟ್ಟದಂತೆ ಮಾಡುವ ಹುಡುಕಾಟ ಕಾರಿನಷ್ಟೇ ಹಳೆಯದು. ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಜನ ಆಲ್ಕೊಹಾಲ್ ಬೆರೆಸುತ್ತಿದ್ದರು; ಎಂಜಿನ್ ಬಿಸಿಯಾದಾಗ ಅದು ಆವಿಯಾಗಿ ಹೋಗುತ್ತಿತ್ತು, ವಾರಕ್ಕೊಮ್ಮೆ ಪರೀಕ್ಷಿಸಿ ಮತ್ತೆ ಸುರಿಯಬೇಕಿತ್ತು. ಗ್ಲಿಸರಿನ್, ಜೇನು, ಸಕ್ಕರೆ ಪಾಕ ಕೂಡ ರೇಡಿಯೇಟರ್ ಸೇರಿದ್ದವು. ಫ್ರಾನ್ಸಿನ ರಸಾಯನ ವಿಜ್ಞಾನಿ ಷಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಕಾರಿನ ಲೋಕಕ್ಕೆ ಸಾರ್ವತ್ರಿಕವಾಗಿ ಬಂದದ್ದು 1920ರ ದಶಕದ ಕೊನೆಗೆ: ಅಮೆರಿಕದಲ್ಲಿ ಪ್ರೆಸ್ಟೋನ್, ಜರ್ಮನಿಯಲ್ಲಿ ಗ್ಲೈಸಾಂಟಿನ್ ಹೆಸರಲ್ಲಿ. ಇಷ್ಟಾಗಿಯೂ 1941ರ ಚಳಿಗಾಲದಲ್ಲಿ ಮಾಸ್ಕೋ ಬಾಗಿಲಿಗೆ ಹೋದ ಜರ್ಮನ್ ಸೈನ್ಯ ಎಂಜಿನ್‌ಗಳ ಅಡಿ ಬೆಂಕಿ ಹಾಕುತ್ತಾ ಕೂರಬೇಕಾಯಿತು. ರಷ್ಯದ ಲಾರಿ ಚಾಲಕರದು ಸರಳ ರೂಢಿ: ರಾತ್ರಿ ನೀರು ಪೂರ್ತಿ ಬಿಟ್ಟುಬಿಡುವುದು, ಬೆಳಗ್ಗೆ ಬಿಸಿನೀರು ಹುಯ್ಯುವುದು.

ಗ್ಲೈಕಾಲ್ ವಿಷಯದಲ್ಲಿ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ಲೆಕ್ಕ ನಡೆಯದು. ಅಪ್ಪಟ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ನೀರಿನ ಜೊತೆ ಸಮಪಾಲು ಬೆರೆತಾಗ ಮೈನಸ್ 37ರವರೆಗೆ ತಾಳುತ್ತದೆ. ಒಂದನ್ನೊಂದು ಹರಳುಗಟ್ಟಲು ಬಿಡದೆ ಎರಡೂ ದ್ರವವಾಗಿಯೇ ಉಳಿಯುತ್ತವೆ. ಗ್ಲೈಕಾಲ್ ಸ್ವಲ್ಪ ಕಡಿಮೆಯಿದ್ದರೂ ಪೂರ್ತಿ ಕೆಡುಕಾಗುವುದಿಲ್ಲ: ಅಂಥ ಮಿಶ್ರಣ ಕಲ್ಲಿನಂತೆ ಗಟ್ಟಿಯಾಗದೆ ಮೊದಲು ಕೆಸರಿನಂತಾಗುತ್ತದೆ. ಹಾಗಾಗಿ ಬ್ಲಾಕು ಒಡೆಯದೆ ಉಳಿಯಬಹುದು. ಪಂಪ್ ಮಾತ್ರ ತಿರುಗದು.

ಈಗ ರಿಪೇರಿಯ ಹೊತ್ತಿನ ಅಸಲಿ ಮೋಸಕ್ಕೆ ಬರೋಣ. ರೇಡಿಯೇಟರ್ ಕೆಳಗಿನ ಕಾಕ್ ತಿರುಗಿಸಿ, ಹರಿವು ನಿಂತದ್ದನ್ನು ನೋಡಿ, ಎಂಜಿನ್ ಖಾಲಿಯಾಯಿತು ಎಂದುಕೊಳ್ಳುವವರೇ ಹೆಚ್ಚು. ಖಾಲಿಯಾದದ್ದು ರೇಡಿಯೇಟರ್. ನೀರು ಬ್ಲಾಕಿನಿಂದ ಹೊರಬರುವ ದಾರಿ ವಾಟರ್ ಪಂಪಿನ ಬಾಯಿ. ಅದು ಜಾಕೆಟ್ಟಿನ ತಳಕ್ಕಿಂತ ಮೇಲಿರುತ್ತದೆ. ಅದಕ್ಕಿಂತ ಕೆಳಗಿನ ನೀರಿಗೆ ಹೊರಹೋಗಲು ದಾರಿಯೇ ಇಲ್ಲ. ಅದನ್ನು ಬಿಡಲೆಂದೇ ಬ್ಲಾಕಿನ ಕೆಳಭಾಗದಲ್ಲಿ ಬೇರೆ ಡ್ರೈನ್ ಪ್ಲಗ್ ಇರುತ್ತದೆ, ವಿ ಆಕಾರದ ಎಂಜಿನ್ನಿನಲ್ಲಿ ಎಡಬಲ ಎರಡೂ ಕಡೆ. ಇಪ್ಪತ್ತು ವರ್ಷ ಯಾರೂ ಮುಟ್ಟದ ಆ ಪ್ಲಗ್ ಬಿಚ್ಚಿದಾಗಲೂ ಏನೂ ಬಾರದಿದ್ದರೆ ಖುಷಿಪಡುವಂತಿಲ್ಲ. ತಳದಲ್ಲಿ ಕೂತ ತುಕ್ಕು, ಕೆಸರು ತೂತನ್ನು ಒಳಗಿಂದ ಮುಚ್ಚಿರಬಹುದು. ಕೆರೆಗಳಲ್ಲಿ ದೋಣಿ ಓಡಿಸುವ ಮಿನ್ನೆಸೋಟದವರು ಪ್ರತಿ ಅಕ್ಟೋಬರ್‌ನಲ್ಲಿ ದೋಣಿಯ ಎಂಜಿನ್ ಖಾಲಿ ಮಾಡುವಾಗ ಪ್ಲಗ್ ತೂತಿಗೆ ತಂತಿ ತೂರಿಸಿ ತಿವಿಯುತ್ತಾರೆ. ಹಾಗೆ ತಿವಿದ ಮೇಲೆ ನೀರು ಚಿಮ್ಮುವುದನ್ನು ನೋಡಿದವರಿಗೆ ತಂತಿಯ ಬೆಲೆ ಹೇಳಿಕೊಡಬೇಕಿಲ್ಲ.

ಇನ್ನೂ ಸುಲಭದ ಪರೀಕ್ಷೆಯೊಂದಿದೆ, ಅದಕ್ಕೆ ಬೇಕಾದದ್ದು ಅಳತೆಯ ಬಕೆಟ್ ಮಾತ್ರ. ಕಾರಿನ ಕೈಪಿಡಿಯಲ್ಲಿ ಒಟ್ಟು ಎಷ್ಟು ಲೀಟರ್ ಕೂಲಂಟ್ ಹಿಡಿಯುತ್ತದೆ ಎಂದು ಬರೆದಿರುತ್ತದೆ. 10 ಲೀಟರ್ ಎಂದಿದ್ದು ಬಕೆಟ್ಟಿಗೆ 6 ಲೀಟರ್ ಬಂದಿದ್ದರೆ ಉಳಿದ 4 ಲೀಟರ್ ಎಂಜಿನ್ನೊಳಗೇ ಇದೆ. ಅದು ಹಳೆಯ ಕೂಲಂಟೇ ಆಗಿದ್ದರೆ ಚಿಂತೆಯಿಲ್ಲ. ನಡುವೆ ಪೈಪ್ ಇಟ್ಟು ನೀರಿನಲ್ಲಿ ತೊಳೆದಿದ್ದರೆ ಆ 4 ಲೀಟರೂ ಬರೀ ನೀರು.

ಇಲ್ಲಿ ಒಂದು ಗಣಿತ ಅನೇಕರಿಗೆ ಕೈಕೊಡುತ್ತದೆ. ಅಂಗಡಿಯಿಂದ ಸಮಪಾಲಿನ, ನೇರ ಸುರಿಯುವ ಕೂಲಂಟ್ ತಂದು 6 ಲೀಟರ್ ತುಂಬುತ್ತಾರೆ. ಅದರಲ್ಲಿ ಗ್ಲೈಕಾಲ್ 3 ಲೀಟರ್. ಒಳಗಿನ 4 ಲೀಟರ್ ನೀರು ಸೇರಿ ಒಟ್ಟು ಹತ್ತಕ್ಕೆ ಮೂರು, ಅಂದರೆ ಶೇ. 30. ಅಂಥ ಮಿಶ್ರಣ ಮೈನಸ್ 15ರ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ಮಿನಿಯಾಪೊಲಿಸ್‌ನ ಜನವರಿಯಲ್ಲಿ ಮೈನಸ್ 25ಕ್ಕೆ ಇಳಿಯುವ ರಾತ್ರಿಗಳು ಅಪರೂಪವಲ್ಲ. ಡಬ್ಬಿಯ ಮೇಲೆ ಮೈನಸ್ 37 ಎಂದು ಅಚ್ಚಾಗಿರುತ್ತದೆ, ಕಾರಿನೊಳಗೆ ಅದರ ಅರ್ಧವೂ ಇರುವುದಿಲ್ಲ. ಸರಿಯಾದ ಕ್ರಮ ಬೇರೆ: ನೀರು ಬೆರೆಸದ ಗಟ್ಟಿ ಗ್ಲೈಕಾಲನ್ನು ಒಟ್ಟು ಹಿಡಿತದ ಅರ್ಧದಷ್ಟು, ಇಲ್ಲಿ 5 ಲೀಟರ್, ಮೊದಲು ಹಾಕಬೇಕು. ಆಮೇಲೆ ಉಳಿದ ಜಾಗಕ್ಕೆ ಬಟ್ಟಿ ಇಳಿಸಿದ ನೀರು.

ಅಷ್ಟು ಮಾಡಿದರೂ ಮುಗಿಯಲಿಲ್ಲ. ಎಂಜಿನ್ ತಣ್ಣಗಿದ್ದಾಗ ಬ್ಲಾಕಿಗೂ ರೇಡಿಯೇಟರ್‌ಗೂ ನಡುವಿನ ಕವಾಟವಾದ ಥರ್ಮೋಸ್ಟಾಟ್ ಮುಚ್ಚಿರುತ್ತದೆ. ಸುರಿದ ಗ್ಲೈಕಾಲೆಲ್ಲ ರೇಡಿಯೇಟರ್‌ನಲ್ಲಿ ಕೂತು, ಬ್ಲಾಕಿನಲ್ಲಿ ಹಳೆಯ ನೀರು ಹಾಗೇ ಉಳಿಯುತ್ತದೆ. ಒಂದೇ ಕಾರಿನೊಳಗೆ ಎರಡು ಪ್ರತ್ಯೇಕ ದ್ರವಗಳು. ಕೆಲಸ ಮುಗಿದ ಸಂಜೆಯೇ ಎಂಜಿನ್ ಚಾಲೂ ಮಾಡಿ, ಕಾರಿನೊಳಗಿನ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮೇಲಿನ ಹೋಸ್ ಬೆಚ್ಚಗಾಗುವವರೆಗೆ ಓಡಿಸಬೇಕು. ಹೋಸ್ ಬೆಚ್ಚಗಾದರೆ ಥರ್ಮೋಸ್ಟಾಟ್ ತೆರೆದಿದೆ, ಎರಡೂ ಬೆರೆಯುತ್ತಿವೆ ಎಂದರ್ಥ. ‘ನಾಳೆ ಬೆಳಗ್ಗೆ ಚಾಲೂ ಮಾಡಿ ನೋಡೋಣ’ ಎಂದು ಗ್ಯಾರೇಜಿನ ಬಾಗಿಲು ಹಾಕಿ ಹೋಗುವುದೇ ದುಬಾರಿ. ಬೆರೆತ ಮೇಲೆ ಎರಡು ಹನಿಯನ್ನು ರಿಫ್ರಾಕ್ಟೋಮೀಟರ್ ಗಾಜಿಗೆ ಹಾಕಿ ಬೆಳಕಿಗೆ ಹಿಡಿದರೆ ಎಷ್ಟು ಡಿಗ್ರಿಯವರೆಗೆ ರಕ್ಷಣೆಯಿದೆ ಎಂದು ಗೆರೆ ತೋರಿಸುತ್ತದೆ. ಡಬ್ಬಿಯ ಮಾತಿಗಿಂತ ಆ ಗೆರೆಯ ಮಾತು ನಂಬಿಕಸ್ಥ.

ಎಂಜಿನ್ ಚಾಲೂ ಮಾಡುವ ಸ್ಥಿತಿಯಲ್ಲೇ ಇಲ್ಲದಿದ್ದರೆ? ಹೆಡ್ ಮಷಿನ್ ಶಾಪಿಗೆ ಹೋಗಿದೆ, ಬ್ಲಾಕು ಬಾಯಿ ತೆರೆದು ಕೂತಿದೆ. ಆಗ ಬ್ಲಾಕಿನ ಪ್ಲಗ್‌ಗಳನ್ನು ಬಿಚ್ಚಿ ಖಾಲಿ ಮಾಡಿ, ಕಂಪ್ರೆಸರ್ ಗಾಳಿಯನ್ನು ಹಗುರವಾಗಿ ಹಾಯಿಸಿ ಮೂಲೆಗಳಲ್ಲಿ ನಿಂತ ನೀರನ್ನು ಓಡಿಸಬೇಕು. ಕಾರಿನೊಳಗನ್ನು ಬೆಚ್ಚಗಿಡುವ ಹೀಟರ್ ಕೋರ್ ಡ್ಯಾಷ್‌ಬೋರ್ಡಿನ ಹಿಂದೆ ಅಡಗಿರುವುದರಿಂದ ಬಹಳ ಜನ ಅದನ್ನು ಮರೆಯುತ್ತಾರೆ. ಅದರ ಎರಡೂ ಹೋಸ್ ಕಳಚಿ ಒಂದರಿಂದ ಊದಿದರೆ ಇನ್ನೊಂದರಿಂದ ನೀರು ಬರುತ್ತದೆ. ಇಷ್ಟಾದ ಮೇಲೂ ತಳದಲ್ಲಿ ಲೋಟದಷ್ಟು ನೀರು ಉಳಿಯಬಹುದು ಎನ್ನುವ ಅನುಮಾನಕ್ಕೆ, ಜಾಕೆಟ್ಟಿನ ತೂತುಗಳಿಂದ ಸ್ವಲ್ಪ ಗ್ಲೈಕಾಲ್ ಸುರಿದುಬಿಡುವುದು ಹಳಬರ ಕ್ರಮ. ಹಾಗೆ ಸುರಿಯುವಾಗ ಸಿಲಿಂಡರ್‌ಗೆ, ಎಣ್ಣೆಯ ದಾರಿಗೆ ಒಂದು ಹನಿಯೂ ಬೀಳದಂತೆ ಬಟ್ಟೆ ತುರುಕಿರಬೇಕು. ಎಣ್ಣೆಯಲ್ಲಿ ಬೆರೆತ ಗ್ಲೈಕಾಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಬಿಚ್ಚಿಟ್ಟ ಬ್ಯಾಟರಿಯನ್ನೂ ಒಳಗೆ ಒಯ್ಯುವುದು ಒಳ್ಳೆಯದು. ಚಾರ್ಜ್ ತುಂಬಿದ ಬ್ಯಾಟರಿ ಮೈನಸ್ 50ಕ್ಕೂ ಜಗ್ಗುವುದಿಲ್ಲ, ಚಾರ್ಜ್ ಇಳಿದದ್ದು ಮೈನಸ್ 10ರ ಒಳಗೇ ಹೆಪ್ಪುಗಟ್ಟಿ ಹೊಟ್ಟೆ ಬಿರಿಯುತ್ತದೆ.

ಇನ್ನೊಂದು ದಾರಿ ಬಿಸಿ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಎಂಬಾತ ಹೆಡ್ ಬೋಲ್ಟಿನ ಜಾಗದಲ್ಲಿ ಕೂರುವ ವಿದ್ಯುತ್ ಹೀಟರ್ ಕಂಡುಹಿಡಿದು 1949ರಲ್ಲಿ ಪೇಟೆಂಟ್ ಪಡೆದ. ಅದರ ವಂಶದ ಬ್ಲಾಕ್ ಹೀಟರ್‌ಗಳು ಇಂದು ಉತ್ತರದ ಕಾರುಗಳಲ್ಲಿ ಸಾಮಾನ್ಯ. ಕೆನಡಾದ ವಿನಿಪೆಗ್‌ನಲ್ಲಿ ನಿಲುಗಡೆ ಜಾಗದ ಪಕ್ಕದಲ್ಲೇ ವಿದ್ಯುತ್ ಸಾಕೆಟ್ ಇರುತ್ತದೆ. ಬಾನೆಟ್ ಅಡಿಯಿಂದ ವೈರು ಜೋತುಬಿದ್ದ ಕಾರುಗಳನ್ನು ಮೊದಲ ಸಲ ಕಂಡ ಬೆಂಗಳೂರಿನವರು ಊರೆಲ್ಲ ಎಲೆಕ್ಟ್ರಿಕ್ ಕಾರೇ ಎಂದು ಬೆರಗಾಗುವುದುಂಟು. ರಿಪೇರಿಯಲ್ಲಿರುವ ಕಾರಿಗೆ ಮಾತ್ರ ಇದನ್ನು ಯೋಚಿಸದೆ ಹಚ್ಚಬಾರದು. ಬ್ಲಾಕ್ ಹೀಟರ್ ದ್ರವದಲ್ಲಿ ಮುಳುಗಿರಬೇಕು. ಖಾಲಿ ಬ್ಲಾಕಿನಲ್ಲಿ ಹಚ್ಚಿದರೆ ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಕಂಬಳಿ ಹೊದಿಸಿ ಕೆಳಗೊಂದು ಬಲ್ಬು ಉರಿಸುವ ಹಳೆಯ ಉಪಾಯಕ್ಕೆ ಪೆಟ್ರೋಲ್ ಆವಿಯ ಅಪಾಯವಿದೆ. ಗ್ಯಾರೇಜನ್ನೇ ಬೆಚ್ಚಗಿಡುವುದು ಇದ್ದದ್ದರಲ್ಲಿ ಮೇಲು.

ಬೆಚ್ಚಗಿನ ಗ್ಯಾರೇಜೂ ಕರೆಂಟ್ ಇರುವವರೆಗೆ ಮಾತ್ರ. 2021ರ ಫೆಬ್ರವರಿ 16ರಂದು ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಉಷ್ಣತೆ ಮೈನಸ್ 19 ಸೆಲ್ಸಿಯಸ್ ಮುಟ್ಟಿತು. ರಾಜ್ಯದ ವಿದ್ಯುತ್ ಜಾಲ ಕುಸಿದು ಲಕ್ಷಾಂತರ ಮನೆಗಳು ಕತ್ತಲಾದವು, ಗೋಡೆಯೊಳಗಿನ ನೀರಿನ ಪೈಪುಗಳು ಊರೆಲ್ಲ ಒಡೆದವು. ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿದ ಸಾವಿರಾರು ಕನ್ನಡ ಕುಟುಂಬಗಳೂ ಆ ವಾರವನ್ನು ಕಂಬಳಿ ಹೊದ್ದು ಕಳೆದವು. ಬಿಸಿಲಿನ ರಾಜ್ಯವೆಂದು ರೇಡಿಯೇಟರ್‌ಗೆ ನಲ್ಲಿ ನೀರು ಸೇರಿಸುತ್ತಾ ಬಂದ ಕಾರಿಗೂ ಒಡೆದ ಪೈಪಿಗೂ ಅಂಥ ರಾತ್ರಿ ಯಾವ ವ್ಯತ್ಯಾಸವೂ ಇರುವುದಿಲ್ಲ.

ಹೆಪ್ಪುಗಟ್ಟಿದೆ ಎಂಬ ಅನುಮಾನ ಬಂದ ಬೆಳಗ್ಗೆ ಮೊದಲ ಕೆಲಸ ಕೀಲಿಯಿಂದ ಕೈ ತೆಗೆಯುವುದು. ಪಂಪ್ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದರೆ ಬೆಲ್ಟ್ ಜಾರಿ ಹರಿಯುತ್ತದೆ, ನೀರು ತಿರುಗದ ಎಂಜಿನ್ ಚಳಿಯಲ್ಲೂ ಕುದಿಯುತ್ತದೆ. ಕುದಿನೀರು ಸುರಿಯುವ ಆತುರವೂ ಬೇಡ. ಮಂಜಿನಂತಿರುವ ಕಬ್ಬಿಣ ಅದರಿಂದಲೇ ಬಿರಿಯಬಹುದು. ಬೆಚ್ಚಗಿನ ಜಾಗಕ್ಕೆ ತಳ್ಳಿ ಒಂದು ದಿನ ಬಿಡಬೇಕು. ಬಿರುಕು ಬಿಟ್ಟಿದ್ದರೂ ಮಂಜುಗಡ್ಡೆಯೇ ಅದನ್ನು ಮುಚ್ಚಿಕೊಂಡಿರುತ್ತದೆ. ಸತ್ಯ ಹೊರಬೀಳುವುದು ಕರಗಿದ ಮೇಲೆ, ಕಾರಿನಡಿ ಕೆರೆ ನಿಂತಾಗ. ಹೊರಗೆ ಏನೂ ಸೋರದಿದ್ದರೂ ಡಿಪ್‌ಸ್ಟಿಕ್ ಎಳೆದು ನೋಡಬೇಕು: ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಬಿರುಕು ಒಳಗಡೆಯಿದೆ. ಬೀಡು ಕಬ್ಬಿಣಕ್ಕೆ ವೆಲ್ಡಿಂಗ್ ಅಷ್ಟಾಗಿ ಒಗ್ಗದು. ಸುತ್ತಲಿನ ಲೋಹವನ್ನು ಚೆನ್ನಾಗಿ ಕಾಯಿಸದೆ ಬೆಸೆದರೆ ಪಕ್ಕದಲ್ಲೇ ಮತ್ತೊಂದು ಬಿರುಕು ಏಳುತ್ತದೆ. ಅದಕ್ಕಾಗಿ ಬಿರುಕಿನ ಉದ್ದಕ್ಕೂ ತೂತು ಕೊರೆದು, ಒಂದರ ಅಂಚಿಗೆ ಒಂದು ತಾಗುವಂತೆ ತಿರುಪು ಮೊಳೆಗಳನ್ನು ತಿರುಗಿಸಿ ಹೊಲಿಯುವ ವಿಧಾನವಿದೆ. ಹಳೆಯ ಟ್ರ್ಯಾಕ್ಟರ್, ಅಪರೂಪದ ಕಾರುಗಳಿಗೆ ಅದು ಸಾರ್ಥಕ. ದಿನಬಳಕೆಯ ಹಳೆಯ ಕಾರಿಗೆ ಆ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ.

ಕರ್ನಾಟಕದಲ್ಲಿ ಕೂತು ಓದುವವರಿಗೆ ಇದು ದೂರದ ಕತೆ ಅನಿಸೀತು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಶಿರಾಡಿ ಘಾಟಿ ಹತ್ತುವ ಲಾರಿಗೆ ಕುದಿಯುವ ಭಯವೇ ಹೊರತು ಹೆಪ್ಪುಗಟ್ಟುವ ಭಯವಿಲ್ಲ. ಕ್ಲೀನರ್ ಕೈಯಲ್ಲಿ ನೀರಿನ ಕ್ಯಾನ್ ಇದ್ದರೆ ಸಾಕಿತ್ತು. ಆ ಕ್ಯಾನಿನ ಅಭ್ಯಾಸವನ್ನೇ ಹೊತ್ತ ಕೆಎ ನೋಂದಣಿಯ ಕಾರುಗಳು ಈಗ ಲಡಾಖ್‌ಗೆ ಹೋಗುತ್ತಿವೆ. ಲೇಹ್‌ನ ಜನವರಿ ರಾತ್ರಿಗಳಲ್ಲಿ ಮೈನಸ್ 10 ದಾಟುವುದು ಮಾಮೂಲು. ಡೀಸೆಲ್ಲೇ ಅಲ್ಲಿ ಗಟ್ಟಿಯಾಗುತ್ತದೆಂದು ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33ರವರೆಗೂ ಹರಿಯುವ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಊರಲ್ಲಿ ನಾಲ್ಕು ಸಲ ನೀರು ಸೇರಿಸಿ ತೆಳ್ಳಗಾದ ಕೂಲಂಟ್ ಹೊತ್ತು ಅಲ್ಲಿಗೆ ಹೋದ ಕಾರಿಗೆ ದಾರಿಯಲ್ಲಿ ಹೋಸ್ ಒಡೆದು, ಪಕ್ಕದ ತೊರೆಯ ನೀರು ತುಂಬಿಸಿಕೊಂಡು ರಾತ್ರಿ ಹೊರಗೆ ನಿಲ್ಲಿಸಿದರೆ, ಮಿನ್ನೆಸೋಟದ ಗ್ಯಾರೇಜಿನ ಲೆಕ್ಕವೇ ಇಲ್ಲಿಗೂ ಅನ್ವಯ. ಒಂದೆರಡು ಲೀಟರ್ ಗಟ್ಟಿ ಗ್ಲೈಕಾಲ್ ಡಿಕ್ಕಿಯಲ್ಲಿದ್ದರೆ ಆ ರಾತ್ರಿ ಉಪಯೋಗಕ್ಕೆ ಬರುತ್ತದೆ.

ಇನ್ನು ಬಕೆಟ್ಟಿನಲ್ಲಿ ಉಳಿದ ಹಳೆಯ ಕೂಲಂಟ್. ಎಂಜಿನ್ನಿನ ಚಿಂತೆಯಲ್ಲಿ ಅದನ್ನು ಗ್ಯಾರೇಜಿನ ಮೂಲೆಯಲ್ಲಿ ತೆರೆದೇ ಬಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿ, ಬೆಕ್ಕು, ಮಕ್ಕಳು ಸ್ವಲ್ಪವೇ ನೆಕ್ಕಿದರೂ ಅದು ದೇಹದಲ್ಲಿ ಆಕ್ಸಾಲಿಕ್ ಆಮ್ಲವಾಗಿ ಬದಲಾಗಿ, ಮೂತ್ರಪಿಂಡದಲ್ಲಿ ಹರಳುಗಟ್ಟಿ ಜೀವ ತೆಗೆಯಬಹುದು. ಅಮೆರಿಕದ ಪ್ರಮುಖ ತಯಾರಕರು 2012ರ ಕೊನೆಗೆ ತಾವಾಗಿಯೇ ಒಪ್ಪಿ, ದೇಶದ ಚಿಲ್ಲರೆ ಅಂಗಡಿಗಳಲ್ಲಿ ಮಾರುವ ಕೂಲಂಟ್‌ಗೆ ಡೆನಟೋನಿಯಮ್ ಎಂಬ ಕಡುಕಹಿ ವಸ್ತು ಬೆರೆಸತೊಡಗಿದರು. ಬಕೆಟ್ಟಿಗೆ ಮುಚ್ಚಳ ಹಾಕುವ ಕೆಲಸವನ್ನು ಆ ಕಹಿಗೆ ವಹಿಸುವಂತಿಲ್ಲ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಹಳೆಯ ಎಣ್ಣೆ ತೆಗೆದುಕೊಳ್ಳುವ ಜಾಗಕ್ಕೆ ಕೊಟ್ಟುಬಂದ ಮೇಲೆಯೇ ಆ ರಿಪೇರಿಯ ಬಿಲ್ಲು ಬರೆಯಬೇಕು.